ಅವ್ವ ಉಂಡ ಶಲ್ಗಮ್ ಮತ್ತು ಸೇಬು

ನನ್ನ ತಮ್ಮ ಹೊಳಲ್ಕೆರೆಯಾಚೆಯ ಒಂದು ಹಳ್ಳಿಗೆ ಹೊಸದಾಗಿ ಕರೆಂಟು ಎಳೆಯುವ ಕೆಲಸದಲ್ಲಿದ್ದಾಗ ಕಂಬದ ಮೇಲೆಯೇ ಶಾಕ್ ಹೊಡೆದು ತೀರಿಕೊಂಡ. ಅವನಿಗೆ ಆಗ ಇಪ್ಪತ್ತೆರಡು ವರ್ಷ. ಕೆಳಗಿದ್ದವರು ಏನು ಮಾಡಿದರು, ಮೇಲಿದ್ದವನು ಏನು ಮರೆತ ಎಂಬುದು ನಮಗೆ ಕೊನೆಗೂ ತಿಳಿಯಲಿಲ್ಲ. ದಸರಾ ಕಳೆದು ಒಂದು ವಾರವಾಗಿತ್ತು. ನಾನು ಚಿತ್ರದುರ್ಗದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದೆ. ಎರಡನೆಯ ಪೀರಿಯಡ್ಡಿನಲ್ಲಿ ಜವಾನ ಬಂದು ಹೆಡ್‌ಮಿಸ್ ಕರೆಯುತ್ತಿದ್ದಾರೆ ಎಂದ. ಅವನು ನನ್ನ ಮುಖ ನೋಡದೆ ಬಾಗಿಲ ಚೌಕಟ್ಟನ್ನು ನೋಡುತ್ತಾ ಹೇಳಿದ್ದರಿಂದಲೇ ಏನೋ ಆಗಿದೆ ಎಂದು ಗೊತ್ತಾಯಿತು.

ನಮ್ಮ ಮನೆಯಲ್ಲಿ ಇದ್ದವರು ಮೂವರೇ. ಸ್ವಾತಂತ್ರ್ಯ ಬಂದ ವರ್ಷ ಅಪ್ಪ ವಿಷಮಶೀತ ಜ್ವರದಲ್ಲಿ ಹೋದ. ನನಗೆ ಹನ್ನೆರಡು, ತಮ್ಮನಿಗೆ ಐದು. ತುರುವನೂರಿನ ಪಕ್ಕದ ಹಳ್ಳಿಯಿಂದ ನಮ್ಮಿಬ್ಬರನ್ನೂ ಕಟ್ಟಿಕೊಂಡು ಅವ್ವ ದುರ್ಗಕ್ಕೆ ಬಂದಳು. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಸುಲಿಯುವ ಕೆಲಸ ಹಿಡಿದಳು. ಅವಳ ಹೆಬ್ಬೆರಳಿನ ಉಗುರು ಸವೆದು ಅರ್ಧವಾಗಿತ್ತು. ನಾನು ಹಾಸ್ಟೆಲಿನಲ್ಲಿದ್ದು ಓದಿದೆ, ಬೆಂಗಳೂರಿನಲ್ಲಿ ಎರಡು ವರ್ಷ ತರಬೇತಿ ಮುಗಿಸಿ ಟೀಚರಾದೆ. ಮದುವೆಯ ಮಾತು ಎರಡು ಮೂರು ಸಲ ಬಂದು ಹೋಯಿತು, ನಾನೂ ಹಟ ಹಿಡಿಯಲಿಲ್ಲ, ಅವ್ವನೂ ಹಿಡಿಯಲಿಲ್ಲ. ತಮ್ಮ ಸೋಮವಾರ ಬೆಳಗಿನ ಬಸ್ಸಿಗೆ ಕೆಲಸದ ಜಾಗಕ್ಕೆ ಹೋದರೆ ಶನಿವಾರ ಸಂಜೆ ಬರುತ್ತಿದ್ದ. ಆ ಒಂದೂವರೆ ದಿನಕ್ಕಾಗಿ ಅವ್ವ ವಾರವೆಲ್ಲ ಅಡುಗೆ ಯೋಚಿಸುತ್ತಿದ್ದಳು.

ಅವನು ಹೋದ ಮೇಲೆ ಅವ್ವ ಹನ್ನೊಂದು ದಿನ ಅತ್ತಳು. ಆಮೇಲೆ ಅಳು ನಿಂತಿತು, ಅದರ ಜೊತೆಗೆ ಊಟವೂ ನಿಂತಿತು.

ಮೊದಲು ನಾನು ಅಷ್ಟು ಗಮನ ಕೊಡಲಿಲ್ಲ. ನನಗೂ ಸೇರುತ್ತಿರಲಿಲ್ಲ. ನಾನು ಮತ್ತೆ ಶಾಲೆಗೆ ಹೋಗತೊಡಗಿದ ಮೇಲೆ, ಬೆಳಗ್ಗೆ ಮುಚ್ಚಿಟ್ಟು ಹೋದದ್ದು ಸಂಜೆ ಹಾಗೆಯೇ ಇರುವುದು ಕಣ್ಣಿಗೆ ಬಿತ್ತು. ಮುದ್ದೆ ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಅವ್ವ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಎರಡು ಲೋಟ ನೀರು, ಒಂದಿಷ್ಟು ಮಜ್ಜಿಗೆ, ಅಷ್ಟೇ. ಡಾಕ್ಟರು ನೋಡಿ, ನಾಡಿ ಹಿಡಿದು, ಕಾಯಿಲೆ ಏನೂ ಇಲ್ಲ ಎಂದರು. "ಇಷ್ಟವಾದದ್ದು ಮಾಡಿ ಹಾಕಿ" ಎಂದರು.

ಇಷ್ಟವಾಗಬಹುದು ಎನ್ನಿಸಿದ್ದೆಲ್ಲ ಮಾಡಿದೆ. ಹುರಳಿಕಾಳಿನ ಬಸ್ಸಾರು ಮಾಡಿದೆ. ಜೋಳದ ರೊಟ್ಟಿ ತಟ್ಟಿ ಗುರೆಳ್ಳು ಚಟ್ನಿ ಕುಟ್ಟಿದೆ. ಸೊಗಡಿನ ಅವರೆಕಾಯಿ ಬಂದ ಮೊದಲ ದಿನವೇ ತಂದು ಸಾರು ಮಾಡಿದೆ. ಅವ್ವ ತಟ್ಟೆಯನ್ನು ನೋಡುತ್ತಿದ್ದಳು, ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಳ್ಳುತ್ತಿದ್ದಳು, ಆಮೇಲೆ ತಟ್ಟೆ ಸರಿಸುತ್ತಿದ್ದಳು.

"ಯಾಕವ್ವ, ಉಪ್ಪು ಕಮ್ಮಿ ಆಗೈತಾ?" ಎಂದು ಕೇಳಿದೆ.

"ಎಲ್ಲ ಸರಿ ಐತೆ."

"ಮತ್ತೆ?"

"ಗಂಟ್ಲಾಗೆ ಇಳಿಯಲ್ಲ ಮಗ. ತಟ್ಟೆ ನೋಡಿದ್ರೆ ಅವನ ಕೈಯೇ ಕಾಣ್ತೈತೆ."

ನಮ್ಮ ಮನೆಯಲ್ಲಿ ಅವನು ಕೈಯಿಡದ ಅಡುಗೆ ಯಾವುದಿತ್ತು. ಮಂಡಕ್ಕಿ ಒಗ್ಗರಣೆ ಮಾಡಿದರೆ ಬಾಣಲೆಗೇ ಕೈ ಹಾಕುವವನು. ಮುದ್ದೆ ಅವನಿಗೆ ಎರಡು, ನಮಗೆ ಒಂದೊಂದು. ಸಾರಿಗೆ ಸಾಸಿವೆ ಸಿಡಿದ ಸದ್ದಿಗೆ ಬೀದಿಯಿಂದ ಓಡಿ ಬರುತ್ತಿದ್ದ ಮಗು ಅವನು. ದೊಡ್ಡವನಾದ ಮೇಲೂ ಆ ಸದ್ದಿಗೆ ತಲೆಯೆತ್ತಿ ಅಡುಗೆಮನೆಯ ಕಡೆ ನೋಡುತ್ತಿದ್ದ.

ಶಾಲೆಯಲ್ಲಿ ನಾನು ಹುಡುಗಿಯರಿಗೆ ಹಾಸಿಗೆ ಹಿಡಿದವರ ಆಹಾರದ ಪಾಠ ಮಾಡುತ್ತಿದ್ದೆ. ಪುಸ್ತಕದಲ್ಲಿ ಟರ್ನಿಪ್ ಮತ್ತು ಸೇಬನ್ನು ಸೇರಿಸಿ ಬೇಯಿಸುವ ಒಂದು ಕ್ರಮ ಇತ್ತು. ಅದನ್ನು ಬರೆದವರು ಯಾವ ದೇಶದ ಪುಸ್ತಕ ನೋಡಿ ಬರೆದರೋ. ನಾನು ಬೆಂಗಳೂರಿನಲ್ಲಿ ಕಲಿಯುವಾಗ ಒಂದೇ ಒಂದು ಸಲ ಮಾಡಿದ್ದೆ. ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ಟರ್ನಿಪ್ಪನ್ನು ಕಂಡವರಲ್ಲ. ಕುರಿಗಾರರ ಮನೆಯ ಒಬ್ಬಳು ಎದ್ದು ನಿಂತು, "ಮಿಸ್, ಅದು ಮೂಲಂಗಿನಾ?" ಎಂದು ಕೇಳಿದ್ದಳು. ಮೂಲಂಗಿಯ ಹಾಗೆಯೇ, ಆದರೆ ದುಂಡಗೆ ಇರುತ್ತದೆ ಎಂದು ಹೇಳಿ ಬೋರ್ಡಿನ ಮೇಲೆ ಚಿತ್ರ ಬರೆದಿದ್ದೆ. ಪರೀಕ್ಷೆಗೆ ಎಲ್ಲರೂ ಅದನ್ನು ಬಾಯಿಪಾಠ ಮಾಡಿ ಬರೆಯುತ್ತಿದ್ದರು, ಅಂಕವೂ ಬರುತ್ತಿತ್ತು.

ಕಾರ್ತಿಕ ಮುಗಿಯುವ ಹೊತ್ತಿಗೆ ಅವ್ವನ ಬೆಳ್ಳಿ ಕಡಗ ಮೊಳಕೈಯವರೆಗೆ ಜಾರತೊಡಗಿತು. ಅಷ್ಟರಲ್ಲಿ ನೋಡಲು ಬಂದವರೆಲ್ಲ ಸೇಬಿನ ಹಣ್ಣು ತಂದಿದ್ದರು. ಆಗ ಸೇಬು ಎಂದರೆ ಮನೆಗೆ ತಿನ್ನಲು ತರುವ ಹಣ್ಣಲ್ಲ, ಕಾಯಿಲೆಯವರ ಮನೆಗೆ ಒಯ್ಯುವ ಹಣ್ಣು. ಬಸ್ ನಿಲ್ದಾಣದ ಎದುರಿನ ಒಂದೆರಡು ಅಂಗಡಿಗಳಲ್ಲಿ ನೇರಳೆ ಬಣ್ಣದ ತೆಳು ಕಾಗದದಲ್ಲಿ ಸುತ್ತಿ ಇಡುತ್ತಿದ್ದರು. ನಮ್ಮ ಹಿತ್ತಾಳೆ ತಟ್ಟೆಯಲ್ಲಿ ಏಳೆಂಟು ಹಣ್ಣು ಸೇರಿ, ಯಾರೂ ಮುಟ್ಟದೆ, ಸಿಪ್ಪೆ ಸುಕ್ಕಾಗುತ್ತಾ ಬಂದಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಮುಸ್ಲಿಂ ಸಾಹೇಬರ ಕುಟುಂಬ ಇತ್ತು. ಆರೇಳು ತಲೆಮಾರಿನಿಂದ ಅದೇ ಓಣಿಯವರು. ಯಜಮಾನರು ತರಕಾರಿ ವ್ಯಾಪಾರಿ. ಅವರ ಹೆಂಡತಿಯನ್ನು ಓಣಿಯ ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ನಾನು ಶಾಲೆಗೆ ಹೋದಾಗ ದಿನಕ್ಕೆ ಎರಡು ಸಲ ಬಂದು ಅವ್ವನನ್ನು ನೋಡಿಕೊಂಡು ಹೋಗುತ್ತಿದ್ದವರು ಅವರೇ. ಒಂದು ಭಾನುವಾರ ಬೆಳಗ್ಗೆ ಸೆರಗಿನಲ್ಲಿ ನಾಲ್ಕು ಗಡ್ಡೆ ಹಾಕಿಕೊಂಡು ಬಂದರು. ಬಿಳಿ ಮೈ, ಮೇಲ್ಭಾಗಕ್ಕೆ ನೇರಳೆ ಬಣ್ಣ.

"ಶಲ್ಗಮ್ ಐತೆ, ತಗಳ್ರಿ ಟೀಚರಮ್ಮ. ಈ ವರ್ಷದ ಮೊದಲನೇದು. ನಾವು ಗೋಷ್ತಿಗೆ, ಮಾಂಸದ ಸಾರಿಗೆ ಹಾಕ್ತೀವಿ. ನೀವು ಸಾರೋ ಪಲ್ಯೆನೋ ಏನಾರ ಮಾಡಿ ಅಮ್ಮಂಗೆ ಕೊಡ್ರಿ. ಚಳಿಗೆ ಒಳ್ಳೇದು."

ನಾನು ಕೈಯಲ್ಲಿ ಹಿಡಿದು ನೋಡಿದೆ. ಬೋರ್ಡಿನ ಮೇಲೆ ಐದು ವರ್ಷದಿಂದ ಬರೆಯುತ್ತಿದ್ದ ಟರ್ನಿಪ್ ಅದು. ಪಕ್ಕದ ಮನೆಯಲ್ಲೇ ಪ್ರತಿ ಚಳಿಗಾಲ ಬೇಯುತ್ತಿದ್ದದ್ದು ನನಗೆ ತಿಳಿದಿರಲಿಲ್ಲ.

ಬೇರೇನೂ ತೋಚದೆ ಆ ದಿನ ಅದನ್ನೇ ಮಾಡಿದೆ. ಗಡ್ಡೆಯ ಸಿಪ್ಪೆಯನ್ನು ದಪ್ಪಗೆ ತೆಗೆದು, ಹೋಳು ಮಾಡಿ, ಉಪ್ಪು ನೀರಿನಲ್ಲಿ ಅರ್ಧ ಬೇಯಿಸಿ ಬಸಿದೆ. ಬೆಣ್ಣೆ ಕರಗಿಸಿ, ಎರಡು ಸೇಬನ್ನು ಸಿಪ್ಪೆ ತೆಗೆದು ಹೆಚ್ಚಿ ಹಾಕಿ, ಅದರ ಮೇಲೆ ಗಡ್ಡೆಯ ಹೋಳು ಸುರಿದು ಮುಚ್ಚಿಟ್ಟೆ. ಸೇಬು ಕರಗಿ ಗಡ್ಡೆಗೆ ಅಂಟಿಕೊಂಡಿತು. ಕಾಳುಮೆಣಸಿನ ಪುಡಿ ಉದುರಿಸಿದೆ. ಮನೆಯಲ್ಲಿ ಯಾವತ್ತೂ ಇಲ್ಲದ ಒಂದು ವಾಸನೆ ತುಂಬಿತು. ಹಣ್ಣಿನ ವಾಸನೆಯೂ ಅಲ್ಲ, ತರಕಾರಿಯದೂ ಅಲ್ಲ.

ಅವ್ವ ಬಟ್ಟಲನ್ನು ಮೂಸಿ ನೋಡಿದಳು.

"ಏನಿದು?"

"ಶಲ್ಗಮ್ಮು, ಸೇಬು. ಶಾಲೇಲಿ ಹೇಳಿಕೊಡೋ ಅಡಿಗೆ."

ಒಂದು ಚಮಚ ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು. ಇನ್ನೊಂದು ತೆಗೆದುಕೊಂಡಳು. ನಾನು ಅತ್ತ ನೋಡದ ಹಾಗೆ ಒಲೆಯ ಬೂದಿ ಕೆದಕುತ್ತಾ ಕೂತಿದ್ದೆ. ಬಟ್ಟಲು ಖಾಲಿಯಾದ ಸದ್ದು ಕೇಳಿತು.

"ರುಚಿ ಐತೇನವ್ವ?"

"ರುಚಿ ಏನಿಲ್ಲ," ಎಂದಳು. ಬಟ್ಟಲನ್ನು ಕೆಳಗಿಟ್ಟು, "ಇದನ್ನ ಅವನು ಉಂಡಿರಲಿಲ್ಲ," ಎಂದಳು.

ಅಂದಿನಿಂದ ಶಿವರಾತ್ರಿಯವರೆಗೆ ನಮ್ಮ ಮನೆಯಲ್ಲಿ ಅವ್ವನಿಗೆಂದು ಬೆಂದದ್ದು ಅದೊಂದೇ. ಆಪಾನ ಯಜಮಾನರು ಮಂಡಿಯಿಂದ ನನಗೆಂದೇ ಶಲ್ಗಮ್ ಎತ್ತಿಡುತ್ತಿದ್ದರು. ನಾನು ಶಾಲೆ ಬಿಟ್ಟು ಬರುವಾಗ ಬಸ್ ನಿಲ್ದಾಣದ ಕಡೆ ಸುತ್ತಿ ಸೇಬು ತರುತ್ತಿದ್ದೆ. ಒಂದೇ ಥರ ಮಾಡಿದರೆ ಬೇಸರವಾಗುತ್ತದೆಂದು ಬೇರೆ ಬೇರೆ ಮಾಡಿ ನೋಡಿದೆ. ಎರಡನ್ನೂ ಮೆತ್ತಗೆ ಬೇಯಿಸಿ ಕಡೆದು, ಹಾಲು ಸೇರಿಸಿ ಗಂಜಿಯ ಹಾಗೆ ಮಾಡಿದೆ. ತೆಳ್ಳಗೆ ಬಿಲ್ಲೆ ಕತ್ತರಿಸಿ ಒಂದರ ಮೇಲೊಂದು ಜೋಡಿಸಿ, ಮುಚ್ಚಳದ ಮೇಲೆ ಕೆಂಡ ಹಾಕಿ ಬೇಯಿಸಿದೆ. ಶಲ್ಗಮ್ಮನ್ನು ತುರಿದು ಹಿಂಡಿ, ಸೇಬನ್ನೂ ತುರಿದು, ಒಂದು ಹಿಡಿ ಅಕ್ಕಿಯ ಜೊತೆ ಬೇಯಿಸಿದೆ. ಅದೂ ಇಳಿಯಿತು. ಅನ್ನದ ಅಗುಳು ಅವಳ ಹೊಟ್ಟೆ ಸೇರಿತಲ್ಲ ಎಂದು ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ.

ಒಂದು ದಿನ ಮಾತ್ರ ಎಡವಿದೆ. ಸಪ್ಪೆಯಾಯಿತೆಂದು ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದ ಸದ್ದು ಕೇಳಿ ಅವ್ವ ಎದ್ದು ಹಿತ್ತಲಿಗೆ ಹೋದಳು. ಆ ದಿನ ಏನನ್ನೂ ಮುಟ್ಟಲಿಲ್ಲ. ಆಮೇಲೆ ನಾನು ಒಗ್ಗರಣೆ ಸೌಟನ್ನು ಅಟ್ಟದ ಮೇಲಿಟ್ಟೆ. ನನ್ನ ಪಾಲಿನ ಸಾರಿಗೂ ಒಗ್ಗರಣೆ ಹಾಕುವುದನ್ನು ಬಿಟ್ಟೆ.

ಆಪಾ ಒಮ್ಮೆ ಚಮಚದ ತುದಿಯಲ್ಲಿ ತೆಗೆದು ರುಚಿ ನೋಡಿದರು. "ಗೋಷ್ತಿಲ್ಲ, ಮಸಾಲೆ ಇಲ್ಲ, ಮೇಲೆ ಸೇಬು ಬೇರೆ. ಇದನ್ನ ಹೆಂಗೆ ಉಣ್ತೀರಮ್ಮ?" ಎಂದು ಅವ್ವನನ್ನು ಕೇಳಿದರು.

"ಔಷಧಿ ಅಂದ್ಕಂಡು ಉಣ್ತೀನಿ," ಎಂದಳು ಅವ್ವ. ಅವಳು ಆಪಾನ ಜೊತೆ ಮಾತಾಡಿದ್ದು ಕೇಳಿ ನನಗೆ ತಲೆಯ ಹೊರೆ ಇಳಿಸಿದಷ್ಟು ಹಗುರವಾಯಿತು.

ಸಂಕ್ರಾಂತಿಯ ಹೊತ್ತಿಗೆ ಅವ್ವ ಎದ್ದು ಓಡಾಡುತ್ತಿದ್ದಳು. ತಲೆ ಬಾಚಿಕೊಳ್ಳುತ್ತಿದ್ದಳು. ಸಂಜೆ ನಾನು ಬರುವಷ್ಟರಲ್ಲಿ ಶಲ್ಗಮ್ಮಿನ ಸಿಪ್ಪೆ ತೆಗೆದು ನೀರಿನಲ್ಲಿ ಹಾಕಿಡುತ್ತಿದ್ದಳು. ಒಂದು ದಿನ ಇಬ್ಬರೂ ಹೊಸ್ತಿಲ ಬಳಿ ಕೂತು ಹೆಚ್ಚುತ್ತಿದ್ದಾಗ ನಾನು ಧೈರ್ಯ ಮಾಡಿ, "ಬೇಸಿಗೆ ರಜಕ್ಕೆ ಊರಿಗೆ ಹೋಗಾಣ ಅವ್ವ. ತುರುವನೂರಿನ ಕಡೆ ಹೋಗಿ ಎಷ್ಟು ವರ್ಷ ಆಯ್ತು," ಎಂದೆ.

"ನೋಡಾಣ," ಎಂದಳು.

ಆ ಒಂದು ಮಾತನ್ನು ನಾನು ಬಲವಾಗಿ ನಂಬಿದೆ. ಎರಡು ತಿಂಗಳು ಅದನ್ನೇ ಹಿಡಿದುಕೊಂಡು ಬದುಕಿದೆ. ರಜೆಗೆ ಊರಿನಲ್ಲಿ ಯಾರ ಮನೆಯಲ್ಲಿ ಇಳಿಯುವುದು, ಅವ್ವನಿಗೆ ಯಾವ ಸೀರೆ ಉಡಿಸುವುದು ಎಂದೆಲ್ಲ ಯೋಚಿಸಿಟ್ಟಿದ್ದೆ.

ಶಲ್ಗಮ್ ಚಳಿಗಾಲದ ಬೆಳೆ ಎಂದು ನಾನೇ ಪಾಠದಲ್ಲಿ ಹೇಳುತ್ತಿದ್ದೆ. ಆದರೂ ಅದು ಮುಗಿಯುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಶಿವರಾತ್ರಿ ಕಳೆದ ವಾರ ಆಪಾನ ಯಜಮಾನರು ಬಾಗಿಲಲ್ಲಿ ನಿಂತು, "ಇನ್ನು ಬರಲ್ಲ ಟೀಚರಮ್ಮ, ಸೀಸನ್ ಆಗೋಯ್ತು," ಎಂದರು. ಬಿಸಿಲು ಏರುತ್ತಿತ್ತು. ಕೋಟೆಯ ಕಲ್ಲು ಕಾದು ಸಂಜೆಯವರೆಗೂ ಓಣಿಗೆ ಧಗೆ ಬಡಿಯುತ್ತಿತ್ತು.

ಭಾನುವಾರ ಬೆಳಗಿನ ಬಸ್ಸು ಹಿಡಿದು ಹಿರಿಯೂರಿಗೆ ಹೋದೆ. ಬೆಂಗಳೂರಿನ ಕಡೆಯಿಂದ ಬರುವ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. ಅವುಗಳಲ್ಲಿ ತರಕಾರಿ ಬರುವುದೂ ಉಂಟು ಎಂದು ಆಪಾ ಹೇಳಿದ್ದರು. ಅಂಗಡಿ ಅಂಗಡಿ ಕೇಳಿದೆ. ಕೆಲವರು ನವಿಲುಕೋಸು ತೋರಿಸಿದರು, ಕೆಲವರು ಬೀಟ್‌ರೂಟು ತೋರಿಸಿದರು. ಕೊನೆಗೆ ಒಬ್ಬ ಮುದುಕಿ ಬುಟ್ಟಿಯ ತಳದಿಂದ ಆರು ಗಡ್ಡೆ ತೆಗೆದುಕೊಟ್ಟಳು. ಬಲಿತು ಬೆಂಡಾಗಿದ್ದವು, ಒತ್ತಿದರೆ ಒಳಗೆ ಟೊಳ್ಳು. ಅವನ್ನೇ ಎದೆಗೆ ಅವಚಿಕೊಂಡು ಬಂದೆ. ನಾರು ತೆಗೆದು ತೆಗೆದು ಬೇಯಿಸಿ ಎಂಟು ದಿನ ಹಾಗೂ ಹೀಗೂ ತಳ್ಳಿದೆ. ಮುಂದಿನ ವಾರ ಹೊಸದುರ್ಗದ ಸಂತೆಗೆ ಹೋಗಿ ಬರಿಗೈಯಲ್ಲಿ ಬಂದೆ.

ಆಮೇಲೆ ನಾನು ಮಾಡಿದ್ದನ್ನು ಹೇಳಲೇಬೇಕು.

ಮೂಲಂಗಿ ತಂದೆ. ದುಂಡಗೆ ಕಾಣುವ ಹಾಗೆ ಅಂಚು ಕೆತ್ತಿದೆ. ವಾಸನೆ ಹೋಗಲೆಂದು ಎರಡು ಸಲ ಬೇಯಿಸಿ ನೀರು ಚೆಲ್ಲಿದೆ. ಸೇಬನ್ನು ಎಂದಿಗಿಂತ ಹೆಚ್ಚು ಹಾಕಿದೆ, ಬೆಣ್ಣೆ ಹಾಕಿದೆ, ಮೆಣಸು ಹಾಕಿದೆ. ಬಟ್ಟಲಿನಲ್ಲಿ ಹಾಕಿದರೆ ಯಾರೂ ಗುರುತಿಸಲಾರರು ಎನ್ನಿಸಿತು. ಐದು ವರ್ಷ ಮಕ್ಕಳಿಗೆ ಟರ್ನಿಪ್ ಸಿಗದಿದ್ದರೆ ಮೂಲಂಗಿ ಹಾಕಬಹುದು ಎಂದು ಹೇಳಿಕೊಟ್ಟವಳು ನಾನೇ.

ಅವ್ವ ಎರಡು ಚಮಚ ತಿಂದಳು. ಮೂರನೆಯದನ್ನು ಬಾಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು.

"ಇದು ಮೂಲಂಗಿ."

"ಅಲ್ಲವ್ವ, ಶಲ್ಗಮ್ಮೇ. ಬಲಿತೈತೆ, ಅದಕ್ಕೇ ಹಂಗೆ."

ಅವಳು ಬಟ್ಟಲಿಗೆ ಬೆರಳು ಹಾಕಿ ಒಂದೊಂದೇ ಹೋಳನ್ನು ಸೇಬಿನಿಂದ ಬಿಡಿಸಿ ಅಂಚಿಗೆ ಸಾಲಾಗಿ ಇಟ್ಟಳು. ನನ್ನ ತಮ್ಮ ಚಿಕ್ಕಂದಿನಿಂದ ಮಾಡುತ್ತಿದ್ದದ್ದು ಅದನ್ನೇ. ಹುಳಿಯಲ್ಲಿ ಮೂಲಂಗಿ ಕಂಡರೆ ಆರಿಸಿ ತಟ್ಟೆಯ ಅಂಚಿಗೆ ಸಾಲು ಇಡುತ್ತಿದ್ದ, ಅವ್ವ ಬೈಯುತ್ತಿದ್ದಳು, ಆಮೇಲೆ ತಾನೇ ಅವನ್ನು ತೆಗೆದುಕೊಂಡು ತಿನ್ನುತ್ತಿದ್ದಳು. ನನಗೆ ಅದು ನೆನಪೇ ಆಗಿರಲಿಲ್ಲ. ಎಲ್ಲ ಹೋಳುಗಳನ್ನೂ ಇಟ್ಟು ಮುಗಿಸಿದ ಮೇಲೆ ಅವಳು ಕೈ ತೊಳೆದುಕೊಂಡಳು.

"ನೀನು ಸುಳ್ಳು ಹೇಳೋಳಲ್ಲ ಅಂದ್ಕಂಡಿದ್ದೆ," ಎಂದಳು.

ಅಲ್ಲಿಂದ ನಾನು ಏನು ಕೊಟ್ಟರೂ ಮೊದಲು ಬೆರಳಿನಿಂದ ಕೆದಕಿ ನೋಡುತ್ತಿದ್ದಳು. ಬರೀ ಸೇಬು ಬೇಯಿಸಿ ಕೊಟ್ಟರೂ ಕೆದಕುತ್ತಿದ್ದಳು. ನೋಡಿ, ಮುಚ್ಚಿ, ಸರಿಸುತ್ತಿದ್ದಳು. ಕೆಲವು ದಿನಗಳಲ್ಲಿ ಕೆದಕುವುದನ್ನೂ ಬಿಟ್ಟಳು. ಆಪಾ ಬಂದು, "ಮಗಳ ಮುಖ ನೋಡಿಯಾದ್ರೂ ಒಂದು ತುತ್ತು ಉಣ್ರಿ ಅಮ್ಮ," ಎಂದು ಕೈ ಹಿಡಿದು ಕೇಳಿಕೊಂಡರು. ಅವ್ವ ಅವರ ಕೈ ಸವರಿದಳು, ಬಾಯಿ ತೆರೆಯಲಿಲ್ಲ. ಮಜ್ಜಿಗೆಯೂ ಅರ್ಧ ಲೋಟಕ್ಕೆ ಇಳಿಯಿತು.

ಚೈತ್ರದ ಒಂದು ಮಧ್ಯಾಹ್ನ ನಾನು ತಾಳ್ಮೆ ಕಳೆದುಕೊಂಡೆ. ಬೆಳಗಿನಿಂದ ಮಾಡಿಟ್ಟದ್ದು ಹಾಗೇ ಇತ್ತು. ಇರುವೆ ಹತ್ತಿತ್ತು. ಬಟ್ಟಲನ್ನು ಅವಳ ಮುಂದೆ ಕುಕ್ಕಿ, "ನಿನಗೆ ಒಬ್ಬನೇನಾ ಮಗ? ನಾನು ಇಲ್ವಾ? ನಾನು ಇದ್ದೀನಲ್ಲ, ಅದು ಸಾಲದಾ?" ಎಂದೆ. ನನ್ನ ದನಿ ಓಣಿಗೆಲ್ಲ ಕೇಳಿರಬೇಕು.

ಅವ್ವ ಕೋಪ ಮಾಡಿಕೊಳ್ಳಲಿಲ್ಲ. "ನಿನ್ನ ಕೈಯಾಗೆ ಕೆಲ್ಸ ಐತೆ," ಎಂದಳು. "ನೀನು ಬದುಕ್ತೀಯ."

ಅದನ್ನು ಅವಳು ಸಮಾಧಾನಕ್ಕೆಂದು ಹೇಳಿದಳೋ, ನನ್ನನ್ನು ಬಿಟ್ಟುಬಿಟ್ಟೆ ಎಂದು ಹೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಂದು ಮಾತ್ರ ಎರಡನೆಯದೇ ಎನ್ನಿಸಿತು. ಹಿತ್ತಲಿಗೆ ಹೋಗಿ ಬಟ್ಟಲು ತಿಕ್ಕಿದೆ. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ.

ರಜೆ ಬಂತು. ಊರಿಗೆ ಹೋಗಲಿಲ್ಲ, ಆಸ್ಪತ್ರೆಗೆ ಹೋದೆವು. ಗ್ಲೂಕೋಸು ಏರಿಸಿದರು. ನರ್ಸು ಸೂಜಿ ಚುಚ್ಚಲು ನರ ಹುಡುಕುವಾಗ ಅವ್ವ ತಾನಾಗಿಯೇ ಕೈ ಚಾಚಿ ಕೊಡುತ್ತಿದ್ದಳು. ಅವಳಿಗೆ ಯಾರ ಮೇಲೂ ಹಟ ಇರಲಿಲ್ಲ. ಬದುಕಬಾರದು ಎಂಬ ಹಟವೂ ಇರಲಿಲ್ಲ ಎಂದೇ ನನಗೆ ಕಾಣುತ್ತದೆ. ಆ ಚಳಿಗಾಲದ ಮೂರು ತಿಂಗಳು ಅವಳು ನಿಜವಾಗಿಯೂ ಪ್ರಯತ್ನ ಪಟ್ಟಿದ್ದಳು. ರುಚಿಯಿಲ್ಲದ್ದನ್ನು ದಿನವೂ ನುಂಗಿದ್ದಳು. ನನಗೋಸ್ಕರವೇ ನುಂಗಿದ್ದಳೇನೋ. ಅದನ್ನು ಅರ್ಥ ಮಾಡಿಕೊಳ್ಳುವ ಬದಲು ನಾನು ಮೂಲಂಗಿ ಕೆತ್ತುತ್ತಾ ಕೂತೆ. ಶಲ್ಗಮ್ ಮುಗಿಯಿತು ಅವ್ವ, ಇನ್ನೇನು ಮಾಡಲಿ ಹೇಳು ಎಂದು ಕೇಳಿದ್ದರೆ ಏನಾದರೂ ಹೇಳುತ್ತಿದ್ದಳೋ ಏನೋ. ನಾನು ಕೇಳಲಿಲ್ಲ.

ಮುಂಗಾರು ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಒಂದು ಬೆಳಗ್ಗೆ ನಾನು ಅವಳ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಾಗ ಉಸಿರು ನಿಂತಿತು. ಬಟ್ಟೆಯನ್ನು ಎರಡು ಸಲ ಒದ್ದೆ ಮಾಡಿ ಒತ್ತಿದ ಮೇಲೆಯೇ ನನಗೆ ತಿಳಿದದ್ದು.

ಹನ್ನೊಂದನೆಯ ದಿನಕ್ಕೆ ಊರಿನಿಂದ ಸೋದರತ್ತೆ, ಚಿಕ್ಕಮ್ಮ ಬಂದರು. ಬಂದವರೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಒಲೆ ಹೊತ್ತಿಸಿದರು. ಸತ್ತವರಿಗೆ ಅವರು ಇಷ್ಟಪಟ್ಟು ಉಣ್ಣುತ್ತಿದ್ದದ್ದನ್ನು ಮಾಡಿ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಅತ್ತೆ ಸೌಟು ಹಿಡಿದು ನನ್ನ ಕಡೆ ತಿರುಗಿ, "ನಿಮ್ಮವ್ವಂಗೆ ಏನು ಇಷ್ಟ ಇತ್ತು ಹೇಳವ್ವ, ಅದನ್ನೇ ಮಾಡಾಣ," ಎಂದರು.

ನಾನು ಯೋಚಿಸಿದೆ. ತಮ್ಮನಿಗೆ ಇಷ್ಟವಾದದ್ದು ಹತ್ತು ನೆನಪಾದವು. ಅಪ್ಪನಿಗೆ ಇಷ್ಟವಾದದ್ದು ಒಂದೆರಡು. ನನಗೇನು ಇಷ್ಟವೆಂದು ಅವ್ವ ಮಾಡುತ್ತಿದ್ದಳೋ ಅದೂ ನೆನಪಾಯಿತು. ಅವ್ವ ನಮಗೆಲ್ಲ ಬಡಿಸಿ, ಉಳಿದದ್ದನ್ನು ಪಾತ್ರೆಯಲ್ಲೇ ಕಲಸಿಕೊಂಡು, ಒಲೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಯಾವ ಅಡುಗೆಯ ದಿನ ಒಂದು ತುತ್ತು ಹೆಚ್ಚು ಉಂಡಳು ಎಂದು ನಾನು ನೋಡಿರಲಿಲ್ಲ.

"ಗೊತ್ತಿಲ್ಲ ಅತ್ತೆ," ಎಂದೆ.

ಅತ್ತೆ ಅದನ್ನು ದುಃಖದ ಮಾತೆಂದು ತಿಳಿದು ನನ್ನ ಬೆನ್ನು ಸವರಿದರು. ಆಮೇಲೆ ಎಲ್ಲರ ಮನೆಯಲ್ಲೂ ಇಡುವ ಹಾಗೆ ಹೋಳಿಗೆ, ಕೋಸಂಬರಿ, ಅನ್ನ, ಸಾರು ಮಾಡಿದರು. ಬಾಳೆಲೆಯ ಮೇಲೆ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ನಿಂತೆವು. ಆಪಾ ತಮ್ಮ ಜಗಲಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು.

ಮರುವರ್ಷ ನನಗೆ ತಮ್ಮ ಹೋದ ಕಡೆಗೇ, ಹೊಳಲ್ಕೆರೆಗೆ ವರ್ಗವಾಯಿತು. ಬೇಡವೆಂದು ಅರ್ಜಿ ಹಾಕಬಹುದಿತ್ತು, ಹಾಕಲಿಲ್ಲ. ಅಲ್ಲಿ ಹದಿನಾಲ್ಕು ವರ್ಷ ಇದ್ದೆ. ಅವ್ವ ಹೇಳಿದ ಹಾಗೆ ಕೈಯಲ್ಲಿ ಕೆಲಸವಿತ್ತು. ಬೆಳಗ್ಗೆ ಒಂದು ಪಾವು ಅಕ್ಕಿ ಇಟ್ಟು, ಮಜ್ಜಿಗೆ ಕಲಸಿ ಉಂಡು ಶಾಲೆಗೆ ಹೋಗುತ್ತಿದ್ದೆ. ಸಂಜೆ ಉಳಿದದ್ದನ್ನೇ ಉಣ್ಣುತ್ತಿದ್ದೆ. ನನಗೆ ಏನು ಇಷ್ಟವೆಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.